ಅತ್ತಿಯ ರಿಲೇಶನಲ್ ಡೇಟಾಬೇಸ್

ನಮ್ಮ ಅತ್ತಿಯ ಎದುರಿಗೆ ಯಾರನ್ನಾದರೂ ಅರ್ಧ ಗಂಟೆ ಕೂಡಿಸಿ ನೋಡಿ. ಎದ್ದು ಹೋಗುವಾಗ ಅವರು ನಮ್ಮ ಬೀಗರಾಗಿರುತ್ತಾರೆ! ಇದು ಉತ್ಪ್ರೇಕ್ಷೆ ಅಂತ ನಿಮಗೆ ಅನ್ನಿಸಿದರೆ, ನೀವಿನ್ನೂ ಅವಳ ಕೈಗೆ ಸಿಕ್ಕಿಲ್ಲ ಅಂತಲೇ ಅರ್ಥ.

ಅತ್ತಿ ಅಂದರೆ ನನ್ನ ತಂದೆಯ ಅಕ್ಕ. ಊರು ಆಳಂದ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹಾಗಂತ ಅವಳು ಒಂಟಿ ಅಂದುಕೊಂಡೀರಿ! ಬಸ್ಸು ಹತ್ತಿದರೆ ಮೊದಲು ಕಂಡಕ್ಟರನ ಊರು ಕೇಳುತ್ತಾಳೆ. ಊರು ಹೇಳಿದರೆ ಓಣಿ, ಓಣಿ ಹೇಳಿದರೆ ತಾಯಿಯ ತವರು. ಟಿಕೀಟು ಹರಿದು ಕೊಡುವುದರೊಳಗೆ ಆ ಪಾಪದ ಮನುಷ್ಯ ಅವಳ ನೆಗೆಣ್ಣಿಯ ತಂಗಿಯ ಮೈದುನನಾಗಿ, ಕೂತಿದ್ದ ಯಾರನ್ನೋ ಎಬ್ಬಿಸಿ ಅವಳಿಗೆ ಜಾಗ ಮಾಡುತ್ತಿರುತ್ತಾನೆ. ಕಂಡಕ್ಟರ್ ಮುಸಲ್ಮಾನನಾಗಿದ್ದರೆ ಏನು ಮಾಡುತ್ತಾಳೆ ಅಂತ ಕೇಳುತ್ತೀರಾ? ಆಗ ಅವನ ಅಜ್ಜನ ಹೊಲ ನಮ್ಮ ಅಜ್ಜನ ಹೊಲದ ಬದುವಿಗೇ ಇರುತ್ತದೆ, ಎರಡೂ ಹೊಲಕ್ಕೆ ಒಂದೇ ಬಾವಿ ಇರುತ್ತದೆ. ಒಂದೇ ನೀರು ಕುಡಿದವರು ಪರಕೀಯರಾಗುವುದು ಹೇಗೆ?

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ಅವಳು ಕೂಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಕೂಡಿಸಿ ಸುಮ್ಮನಾಗುವವಳೂ ಅಲ್ಲ. ಗಂಡ ಹೆಂಡತಿ ಜಗಳವಾಡಿದರೆ ಚೀಲ ಹಿಡಿದು ಹೊರಡುತ್ತಾಳೆ, ಅವರ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂಡುತ್ತಾಳೆ. ಇವಳನ್ನು ಕಳಿಸಬೇಕೆಂಬ ಒಂದೇ ಆಸೆಯಿಂದ ಇಬ್ಬರೂ ರಾಜಿಯಾಗುತ್ತಾರೆ!

ಆ ಕಾಲದಲ್ಲಿ ನಾನು ಜೇವರ್ಗಿಯ ಒಂದು ದಾಲ್ ಮಿಲ್ಲಿನಲ್ಲಿ ಕಂಪ್ಯೂಟರ್ ಆಪರೇಟರ್. ಯಾವ ರೈತ ಎಷ್ಟು ಚೀಲ ತೊಗರಿ ತಂದ ಅನ್ನುವುದನ್ನು ಟೇಬಲ್ಲಿನಲ್ಲಿ ತುಂಬುವುದು ನನ್ನ ಕೆಲಸ. ಒಂದು ದಿನ ಬೇಳೆ ಕೊಳ್ಳುವ ದೊಡ್ಡ ಕಂಪನಿಯವರು, ಇನ್ನು ಮುಂದೆ ನಿಮ್ಮ ಮಾಹಿತಿಯೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಬೇಕು ಅಂದರು. ಮಾಲೀಕರು ನನ್ನ ಮುಖ ನೋಡಿದರು, ನಾನು ಕಂಪ್ಯೂಟರಿನ ಮುಖ ನೋಡಿದೆ. ಅದೂ ಸುಮ್ಮನಿತ್ತು. ಹಾಗಾಗಿ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿದ್ದ ತರಬೇತಿ ಕೇಂದ್ರಕ್ಕೆ ಸಂಜೆ ಹೊತ್ತು ಹೋಗತೊಡಗಿದೆ. ಅಲ್ಲಿ ನಾಲ್ಕು ಕಂಪ್ಯೂಟರುಗಳು. ಅದರಲ್ಲೊಂದು ಬರೀ ವೇಳೆ ತೋರಿಸುತ್ತಿತ್ತು, ಅದೂ ತಪ್ಪು ವೇಳೆ! ಈಗಲೂ ಖಾರಾ ಬಿಸ್ಕೀಟಿನ ವಾಸನೆ ಬಂದರೆ ನನಗೆ ಡೇಟಾಬೇಸ್ ನೆನಪಾಗುತ್ತದೆ.

ಅದೇ ಹೊತ್ತಿಗೆ ಅತ್ತಿ ಆಳಂದದಿಂದ ನನ್ನ ಬಾಡಿಗೆ ಕೋಣೆಗೆ ಬಂದಿಳಿದಳು. ಉದ್ದೇಶ, ನನಗೆ ಹೆಣ್ಣು ನೋಡುವುದು. ಮೊದಲ ದಿನವೇ ಸಂಜೆ ಯಾರದೋ ಮನೆಗೆ ಚಹಾಕ್ಕೆ ಹೋಗುವುದಿದೆ, ಅಂಗಿ ಇಸ್ತ್ರಿ ಮಾಡಿಕೋ ಅಂದಳು. ನಾನು ಕ್ಲಾಸಿನ ನೆಪ ಹೇಳಿದೆ. ಏನು ಕಲಿಯುತ್ತೀ ಅಂತ ಕೇಳಿದಳು. ತಿಳಿಯದ ಹೆಸರು ಹೇಳಿದರೆ ಬಿಡುತ್ತಾಳೆ ಅಂತ ಪೂರ್ತಿ ಹೆಸರನ್ನೇ ಹೇಳಿಬಿಟ್ಟೆ: ರಿಲೇಶನಲ್ ಡೇಟಾಬೇಸ್.

ಅತ್ತಿಯ ಕಿವಿ ನೆಟ್ಟಗಾಯಿತು.

"ರಿಲೇಶನ್ ಅಂದ್ರ ಸಂಬಂಧ ಅಲ್ಲೇನ್ಲೇ? ಸಂಬಂಧದ ಸಲುವಾಗಿ ಕ್ಲಾಸ್ ಇಟ್ಟಾರಂದ್ರ ನಾ ಮನ್ಯಾಗ ಕುಂತು ಏನ ಮಾಡ್ಲಿ?"

ಅದು ಆ ಸಂಬಂಧ ಅಲ್ಲ, ಟೇಬಲ್ಲಿಗೂ ಟೇಬಲ್ಲಿಗೂ ಇರುವ ಸಂಬಂಧ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಟೇಬಲ್ಲಿಗೇ ಸಂಬಂಧ ಇರುವಾಗ ಮನುಷ್ಯರಿಗೆ ಇರುವುದಿಲ್ಲವೇನು ಅಂತ ನನ್ನನ್ನೇ ಕೇಳಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ನಮಗೆ ಕಲಿಸುತ್ತಿದ್ದವಳು ಒಬ್ಬ ಹುಡುಗಿ. ನನಗಿಂತ ಸಣ್ಣವಳು. ಮೆಲ್ಲಗೆ ಮಾತನಾಡುವವಳು, ಸಿಟ್ಟು ಬಂದರೆ ಇನ್ನೂ ಮೆಲ್ಲಗೆ. ನಮ್ಮ ಕಡೆ ಕಲಿಸುವ ಹೆಣ್ಣುಮಗಳು ಅಂದರೆ ಅಕ್ಕೋರು. ಹಾಗಾಗಿ ಅತ್ತಿಗೆ ಅವಳು ಆ ಗಳಿಗೆಯಿಂದಲೇ ಅಕ್ಕೋರು. ನಾನು ಸಂಜೆಯಾದರೆ ತಲೆ ಬಾಚಿಕೊಳ್ಳತೊಡಗಿದ್ದನ್ನು ಅತ್ತಿ ಒಂದೇ ನೋಟಕ್ಕೆ ಹಿಡಿದಳು. ಕಂಪ್ಯೂಟರ್ ಎದುರು ಕೂತವಳೇ ಮೊದಲು ಕೇಳಿದ್ದು, "ಅಕ್ಕೋರ, ನಿಮ್ಮವರು ಯಾರ್ರಿ? ಯಾವ ಊರ ಪೈಕಿ?" ಅಂತ. ಅಕ್ಕೋರು ನಕ್ಕು, ಮೊದಲು ಟೇಬಲ್ ಮುಗಿಸೋಣ ಅಂದರು.

ಟೇಬಲ್ ಅಂದರೆ ಅಡ್ಡ ಸಾಲು, ಉದ್ದ ಕಂಬ. ಒಬ್ಬ ಮನುಷ್ಯನಿಗೆ ಒಂದು ಸಾಲು. ಒಂದು ಕಂಬದಲ್ಲಿ ಹೆಸರು, ಮತ್ತೊಂದರಲ್ಲಿ ಊರು, ಇನ್ನೊಂದರಲ್ಲಿ ತಂದೆ ತಾಯಿ. ಅಭ್ಯಾಸಕ್ಕೆ ನಿಮಗೆ ಗೊತ್ತಿರುವ ನಾಲ್ಕು ಜನರನ್ನು ಬರೆಯಿರಿ ಅಂದರು. ನಾಲ್ಕೇ ಜನ! ಅತ್ತಿ ಒಂದು ಬೆರಳಿನಿಂದ ಕೀಲಿ ಒತ್ತುತ್ತಾ ಮೂರು ತಾಲೂಕನ್ನು ತುಂಬತೊಡಗಿದಳು. ಪಕ್ಕದ ಸೀಟಿನವರು ಬಂದು ಹೋದರು, ಹೊಸ ಬ್ಯಾಚಿನವರು ಬಂದರು, ಅತ್ತಿ ಇನ್ನೂ ಆಳಂದದ ಒಂದು ಓಣಿಯಲ್ಲೇ ಇದ್ದಳು.

ತೊಡಕು ಬಂದದ್ದು ಶರಣಪ್ಪನಿಂದ. ನಮ್ಮ ಕಡೆ ಮನೆಗೊಬ್ಬ ಶರಣಪ್ಪ ಇರಲೇಬೇಕಲ್ಲ! ಅತ್ತಿಯ ಟೇಬಲ್ಲಿನಲ್ಲಿ ಒಂದರ ಕೆಳಗೊಂದು ಶರಣಪ್ಪಂದಿರು ನಿಂತುಬಿಟ್ಟರು. ಹೆಸರು ಒಂದೇ ಇದ್ದರೆ ಕಂಪ್ಯೂಟರಿಗೆ ಗುರುತು ಸಿಗುವುದಿಲ್ಲ, ಪ್ರತಿಯೊಬ್ಬನಿಗೂ ಬೇರೆಯವರಿಗಿಲ್ಲದ ಒಂದು ಗುರುತು ಬೇಕು, ಅದಕ್ಕೆ ಕೀ ಅಂತಾರೆ ಅಂತ ಅಕ್ಕೋರು ವಿವರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಒಂದು, ಎರಡು, ಮೂರು ಅನ್ನುವ ನಂಬರು. ಅತ್ತಿ ಕೀ ಕಂಬದಲ್ಲಿ ಬರೆದದ್ದು ಗಿರಣಿ, ಗೊರಕೆ, ಹಲ್ಲಿಲ್ಲದಾಂವ, ಮುಂಜಾನಿ ಮಾತಾಡಿಸಬಾರದಾಂವ. ಅಕ್ಕೋರು ಓದಿದರು. ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ನಿಂತರು, ಹೆಗಲು ಕುಲುಕುತ್ತಿತ್ತು. ಆಮೇಲೆ, ಒಂದರ ಹಾಗೆ ಮತ್ತೊಂದು ಇಲ್ಲವಾದ್ದರಿಂದ ನಡೆಯುತ್ತದೆ ಅಂತ ಒಪ್ಪಿಕೊಂಡರು.

ಎಕ್ಸ್‌ಎಂಎಲ್ ಶುರುವಾದದ್ದು ಅದರ ನಂತರ. ಟೇಬಲ್ಲಿನಲ್ಲಿ ಎಲ್ಲರೂ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಸಾಲಾಗಿ ಕೂತರೆ, ಎಕ್ಸ್‌ಎಂಎಲ್‌ನಲ್ಲಿ ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು. ಮನೆ ಅಂತ ಒಂದು ಟ್ಯಾಗು ತೆರೆಯಬೇಕು, ಅದರೊಳಗೆ ತಂದೆ, ತಂದೆಯೊಳಗೆ ಮಕ್ಕಳು. ತೆರೆದದ್ದನ್ನೆಲ್ಲ ಕೊನೆಗೆ ಓರೆಗೆರೆ ಹಾಕಿ ಮುಚ್ಚಬೇಕು. ಇಷ್ಟು ಹೇಳಿದ ಅಕ್ಕೋರು, "ಅಮ್ಮಾ, ಈಗ ಮನಿ ಮುಚ್ಚರಿ" ಅಂದುಬಿಟ್ಟರು.

ಅತ್ತಿ ಕೀಬೋರ್ಡಿನಿಂದ ಕೈ ತೆಗೆದಳು. ಮಕ್ಕಳು ಮರಿ ಇರುವ ತುಂಬಿದ ಮನೆ, ಅದನ್ನು ಮುಚ್ಚು ಅಂತ ಬಾಯಲ್ಲಿ ಹೆಂಗೆ ಬರುತ್ತದೆ ಅಂತ ಅವಳ ಪ್ರಶ್ನೆ. ಮುಚ್ಚದಿದ್ದರೆ ಕಂಪ್ಯೂಟರ್ ಓದುವುದಿಲ್ಲ ಅಂತ ಅಕ್ಕೋರು. ಓದದಿದ್ದರೆ ಬಿಡಲಿ ಅಂತ ಅತ್ತಿ. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಅಕ್ಷರ ಬಂತು. ಅತ್ತಿಯ ಮುಖ ಅದಕ್ಕಿಂತ ಕೆಂಪಾಗಿತ್ತು. ನಾನು ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡೆ.

ಅಕ್ಕೋರು ಕುರ್ಚಿ ಎಳೆದು ಅತ್ತಿಯ ಪಕ್ಕ ಕೂತರು. "ಅಮ್ಮಾ, ರಾತ್ರಿ ದೇವರ ಮುಂದಿನ ದೀಪ ಆರಸೂದಕ್ಕ ನೀವು ಏನಂತೀರಿ?"

"ಆರಸೂದು ಅನಬಾರದವ್ವ. ದೀಪ ದೊಡ್ಡದು ಮಾಡೂದು ಅಂತೇವಿ."

"ಇದೂ ಹಂಗರಿ. ಮನಿ ಮುಚ್ಚೂದಲ್ಲ, ದೊಡ್ಡದು ಮಾಡೂದು."

ಅತ್ತಿ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಓರೆಗೆರೆ ಒತ್ತಿದಳು. ಮೂರು ತಾಲೂಕಿನಲ್ಲಿ ಅದುವರೆಗೆ ಅವಳ ಬಾಯಿ ಮುಚ್ಚಿಸಿದವರು ಇರಲಿಲ್ಲ. ಅಂದಿನಿಂದ ಓರೆಗೆರೆ ಒತ್ತಿದಾಗಲೆಲ್ಲ, "ಗೌಡರ ಮನಿ ದೊಡ್ಡದಾತು, ಬಿರಾದಾರರ ಮನಿ ದೊಡ್ಡದಾತು" ಅಂತ ಗೊಣಗುತ್ತಾ ಒತ್ತುತ್ತಿದ್ದಳು. ಒಂದು ಮನೆಯೂ ತಪ್ಪಲಿಲ್ಲ. ನನ್ನ ಫೈಲಿನಲ್ಲಿ ಮಾತ್ರ ದಿನಾ ಒಂದಿಲ್ಲೊಂದು ತೆರೆದೇ ಇರುತ್ತಿತ್ತು!

ಮುಂದಿನ ಪಾಠ, ಟೇಬಲ್ಲಿನಲ್ಲಿದ್ದದ್ದನ್ನು ಎಕ್ಸ್‌ಎಂಎಲ್‌ಗೆ ತರುವುದು. ಅತ್ತಿ ತನ್ನ ಜನರನ್ನೆಲ್ಲ ತಂದಳು. ತಂದು ನೋಡಿದರೆ ಕಡಗಂಚಿಯ ಒಬ್ಬ ಹುಡುಗಿ ಇಬ್ಬರಾಗಿದ್ದಾಳೆ. ಭೂಸನೂರಿನ ಸೋದರಮಾವನಿಗೇ ಅವಳನ್ನು ಕೊಡಿಸಿದವಳು ಅತ್ತಿಯೇ. ತಾಯಿಯ ಮನೆಯೊಳಗೆ ಮಗಳಾಗಿ ಒಮ್ಮೆ, ಮಾವನ ಮನೆಯೊಳಗೆ ಹೆಂಡತಿಯಾಗಿ ಇನ್ನೊಮ್ಮೆ ಅವಳ ಹೆಸರು ಬಂದಿತ್ತು. ಅತ್ತಿ ದಂಗಾದಳು. ಒಬ್ಬಳೇ ಹುಡುಗಿಯ ಮದುವೆ ಮಾಡಿಸಿದ್ದೇನೆ, ಇನ್ನೊಬ್ಬಳು ಎಲ್ಲಿಂದ ಬಂದಳು?

ಎಕ್ಸ್‌ಎಂಎಲ್ ಗಿಡದ ಹಾಗೆ, ಒಂದು ಟೊಂಗೆ ಎರಡು ಕಡೆ ಹುಟ್ಟಲಾರದು ಅಂತ ಅಕ್ಕೋರು ತಿಳಿಸಿದರು. ಒಂದು ಕಡೆ ಪೂರ್ತಿ ಬರೆದು, ಇನ್ನೊಂದು ಕಡೆ ಅವಳ ಗುರುತಿನ ನಂಬರು ಮಾತ್ರ ಕೊಟ್ಟರೆ, ಅಲ್ಲಿರುವವಳೇ ಇವಳು ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಅತ್ತಿ ಯೋಚಿಸಿ, ಯಾವ ಮನೆಯಲ್ಲಿ ಹುಡುಗಿ ಇರಬೇಕು, ಯಾವ ಮನೆಯಲ್ಲಿ ನಂಬರು ಇರಬೇಕು ಅಂತ ಕೇಳಿದಳು. ಅದನ್ನು ನೀವೇ ತೀರ್ಮಾನಿಸಬೇಕು ಅಂದರು ಅಕ್ಕೋರು. ಅತ್ತಿ ಆ ಸಂಜೆಯೇ ಭೂಸನೂರಿಗೆ ಫೋನು ಹಚ್ಚಿ ಹುಡುಗಿಯನ್ನೇ ಕೇಳಿದಳು. ನೀವು ಏನು ಕೇಳುತ್ತಿದ್ದೀರಿ ಅಂತಲೇ ತಿಳಿಯುತ್ತಿಲ್ಲ ಅಂದಳಂತೆ ಆ ಹುಡುಗಿ.

ನಗುವವರು ನಗಲಿ, ನನಗೆ ಆ ಪಾಠ ತಲೆಗೆ ಹತ್ತಿದ್ದು ಅಲ್ಲಿಯೇ. ಮರುದಿನ ಮಿಲ್ಲಿಗೆ ಹೋಗಿ ನೋಡುತ್ತೇನೆ, ಮೇಲಿಂದ ಮೇಲೆ ತೊಗರಿ ತಂದಿದ್ದ ಅಫಜಲಪುರದ ಒಬ್ಬ ರೈತ ನನ್ನ ಫೈಲಿನಲ್ಲಿ ತಂದಷ್ಟು ಸಲವೂ ಬೇರೆ ಬೇರೆ ರೈತನಾಗಿ ಹುಟ್ಟಿದ್ದ. ಒಂದು ಕಡೆ ಅವನನ್ನು ಪೂರ್ತಿ ಬರೆದು ಉಳಿದ ಕಡೆ ನಂಬರು ಕೊಟ್ಟೆ. ಕಂಪನಿಯವರು ಫೈಲನ್ನು ಒಪ್ಪಿಕೊಂಡರು. ಮಾಲೀಕರು ಬಹಳ ಖುಷಿಯಾಗಿ, ಕಂಪ್ಯೂಟರನ್ನು ಹೊಗಳಿದರು.

ಕೊನೆಗೆ ನಲ್ ಅನ್ನುವ ಪಾಠ ಬಂತು. ಟೇಬಲ್ಲಿನ ಒಂದು ಚೌಕದಲ್ಲಿ ತುಂಬಲು ಏನೂ ಇಲ್ಲದಿದ್ದರೆ ಅದಕ್ಕೆ ನಲ್ ಅನ್ನುತ್ತಾರೆ. ಅದು ಸೊನ್ನೆಯಲ್ಲ. ಸೊನ್ನೆ ಅಂದರೆ ಲೆಕ್ಕ ಮಾಡಿದೆವು, ಏನೂ ಉಳಿಯಲಿಲ್ಲ ಅಂತ. ನಲ್ ಅಂದರೆ ಗೊತ್ತೇ ಇಲ್ಲ ಅಂತ. ಅತ್ತಿಗೆ ಇದು ತಲೆಗೆ ಹೋಗಲಿಲ್ಲ. ಮನುಷ್ಯರ ವಿಷಯದಲ್ಲಿ ಗೊತ್ತಿಲ್ಲ ಅನ್ನುವುದು ಅವಳ ಅನುಭವಕ್ಕೇ ಬಂದಿರಲಿಲ್ಲವಲ್ಲ! ಒಂದು ಉದಾಹರಣೆ ಕೊಡ್ರಿ ಅಂತ ಗಂಟುಬಿದ್ದಳು.

ಅಕ್ಕೋರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ನಂದ ಬರ್ಕೋರಿ ಅಮ್ಮ. ಹೆಸರು ಅದ. ಊರಿನ ಕಡೆ ಹಾಸ್ಟೆಲ್ ಅಂತ ಬರೀರಿ. ತಾಯಿ ನಲ್. ತಂದಿ ನಲ್."

ಕೆಳಗೆ ಬೇಕರಿಯಲ್ಲಿ ಯಾರೋ ಟ್ರೇ ಎಳೆದ ಸದ್ದು ಕೇಳಿಸಿತು. ಅತ್ತಿ ಏನೂ ಬರೆದುಕೊಳ್ಳಲಿಲ್ಲ. ದಿನಾ ನಿಮ್ಮವರು ಯಾರು, ಯಾರ ಪೈಕಿ ಅಂತ ಪೀಡಿಸಿದವಳು ಅಂದು ರಾತ್ರಿ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಕ್ಲಾಸು ಶುರುವಾಗುವ ಮೊದಲೇ ಹೋಗಿ, ನನ್ನ ಕಡೆ ಬೆರಳು ಮಾಡಿ, "ಅಕ್ಕೋರ, ಇವಾ ಹೆಂಗ ಅನಸ್ತಾನ?" ಅಂತ ನೇರವಾಗಿ ಕೇಳಿಬಿಟ್ಟಳು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನುಂಗಿದರೂ ಕೆಳಗಿನ ಬೇಕರಿಯಲ್ಲಿ ಬೀಳುತ್ತಿದ್ದೆ, ಅಷ್ಟೇ. ಅಕ್ಕೋರು ನಕ್ಕು, ಒಳ್ಳೆಯವರು ಅಂದರು. ಒಳ್ಳೆಯವರು ಅಂದರೆ ಏನರ್ಥ ಅಂತ ಗೊತ್ತಿರುವವರಿಗೆ ಗೊತ್ತು. ಆಮೇಲೆ ಮೆಲ್ಲಗೆ ಉಳಿದದ್ದನ್ನು ಹೇಳಿದರು. ಅಫಜಲಪುರದಲ್ಲಿ ಒಬ್ಬ ಹುಡುಗ ಇದ್ದಾನೆ, ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಇಬ್ಬರಿಗೂ ಮನಸ್ಸಿದೆ. ಅವನ ತಾಯಿ ಮಾತ್ರ ಒಪ್ಪುತ್ತಿಲ್ಲ. ಹುಡುಗಿ ಕಡೆಯವರು ಅಂತ ಒಬ್ಬರೂ ಇಲ್ಲದ ಮನೆಯಿಂದ ಸೊಸೆ ಹೆಂಗೆ ತರಲಿ ಅನ್ನುತ್ತಾರಂತೆ. ಆ ಗಳಿಗೆಯಲ್ಲಿ ನಾನು ಕೀಬೋರ್ಡಿನ ಮೇಲಿನ ಧೂಳನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದೆ.

ಅತ್ತಿ ನನ್ನನ್ನು ಒಮ್ಮೆ ನೋಡಿದಳು, ಅವಳನ್ನು ಒಮ್ಮೆ ನೋಡಿದಳು. ನಾಳೆ ಮಿಲ್ಲಿಗೆ ರಜೆ ಹಾಕು, ಅಫಜಲಪುರಕ್ಕೆ ಹೋಗುವುದಿದೆ ಅಂದಳು.

ಹುಡುಗನ ತಾಯಿ ಕೆಟ್ಟವರೇನಲ್ಲ. ನಮಗೆ ನೀರು ಕೊಟ್ಟು, ಚಾಪೆ ಹಾಸಿ, ತಮ್ಮ ಕಷ್ಟವನ್ನು ಬಿಚ್ಚಿ ಹೇಳಿದರು. ಹುಡುಗಿಯ ಮೇಲೆ ತಮಗೆ ಸಿಟ್ಟಿಲ್ಲ. ಆದರೆ ಮದುವೆಯಲ್ಲಿ ಉಡಿ ತುಂಬುವವರು ಯಾರು? ನಾಳೆ ಅವಳಿಗೆ ಜಡ್ಡಾದರೆ ಯಾರಿಗೆ ಸುದ್ದಿ ಕಳಿಸಬೇಕು? ಗಂಡನ ಮನೆಗೆ ಹಿಂದೆ ಮುಂದೆ ಇಲ್ಲದ ಹುಡುಗಿ ಬಂದರೆ ನಾಳೆ ನಾನೇ ಎರಡು ಮಾತು ಹೆಚ್ಚು ಅಂದೇನು, ತಡೆಯುವವರು ಯಾರು ಅಂತ ಕೂಡ ಕೇಳಿದರು. ಅಷ್ಟು ಖರೇ ಮಾತಾಡುವವರನ್ನು ನಾನು ಕಡಿಮೆ ನೋಡಿದ್ದೇನೆ.

ಅತ್ತಿ ಎಲ್ಲವನ್ನೂ ಕೇಳಿಸಿಕೊಂಡಳು. ಎಂದಿನಂತೆ ಅವರ ತವರು ಯಾವುದು, ಓಣಿ ಯಾವುದು ಅಂತ ವಿಚಾರಿಸಲಿಲ್ಲ.

"ಹುಡುಗಿ ನಮ್ಮಾಕಿರಿ. ನಾ ಆಕಿ ಸ್ವಾದರತ್ತಿ."

"ಯಾರೂ ಇಲ್ಲ ಅಂತ ನನ್ನ ಮಗ ಹೇಳಿದ್ನಲ್ಲರಿ?"

"ಇಷ್ಟ ದಿನಾ ಇರಲಿಲ್ಲರಿ. ಈಗ ಇದ್ದೇನಿ."

ಆ ತಾಯಿ ಸೆರಗು ಸರಿಮಾಡಿಕೊಂಡರು. "ನಾಳೆ ಆಕಿ ನಮ್ಮ ಮ್ಯಾಲ ಸಿಟ್ಟಾಗಿ ಹೊಂಟ ನಿಂತ್ರ?"

"ಆಳಂದಕ್ಕ ಬರ್ತಾಳ. ತಪ್ಪು ಆಕೀದಿದ್ರ ನಾನ ಕರಕೊಂಡ ಬಂದು ನಿಮ್ಮ ಮನ್ಯಾಗ ಬಿಡ್ತೇನಿ. ನಿಮ್ಮದಿದ್ರ ನೀವ ಬಂದು ಕರಕೊಂಡ ಹೋಗಬೇಕು."

ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಎರಡು ಸಲ ಓದಿ ಮುಗಿಸಿದೆ. ಆಮೇಲೆ ಆ ತಾಯಿ ಎದ್ದು ಒಳಗೆ ಹೋಗಿ, ಚಹಾಕ್ಕಿಟ್ಟರು.

ಮದುವೆ ಆಳಂದದಲ್ಲಾಯಿತು. ಹೆಣ್ಣಿನ ಕಡೆಯವರು ಬೇಕಲ್ಲ? ಅತ್ತಿ ಮೂರು ತಾಲೂಕಿಗೂ ಫೋನು ಮಾಡಿದಳು. ಅವಳಿಂದ ಮದುವೆಯಾದವರು, ಅವಳಿಂದ ರಾಜಿಯಾದವರು, ಅವಳಿಗೆ ಬಸ್ಸಿನಲ್ಲಿ ಜಾಗ ಬಿಟ್ಟವರು ಎಲ್ಲ ಬಂದರು. ಗಂಡಿನ ಕಡೆಯವರಿಗಿಂತ ನಮ್ಮವರೇ ಹೆಚ್ಚಾದರು! ಬಂದವರ ಕಷ್ಟ ಒಂದೇ, ವಧು ತಮಗೆ ಏನಾಗಬೇಕು ಅಂತ ಯಾರಿಗೂ ಗೊತ್ತಿಲ್ಲ. ಅತ್ತಿ ಬಾಗಿಲಲ್ಲಿ ನಿಂತು ಹಂಚುತ್ತಿದ್ದಳು: ನೀ ಚಿಗವ್ವ, ನೀ ದೊಡ್ಡಪ್ಪ, ನೀವಿಬ್ಬರು ಅಕ್ಕಂದಿರು. ಭೂಸನೂರಿನಿಂದ ಬಂದ, ಕಬ್ಬು ಬೆಳೆಯುವ ಒಬ್ಬ ಹಿರಿಯರಿಗೆ ಸೋದರಮಾವನ ಪಾಲು ಬಂತು. ಅವರು ಅದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡರೆಂದರೆ, ಸೋದರಮಾವನಿಗೆ ಮೊದಲು ಟಾವೆಲ್ಲು ಹೊದಿಸಲಿಲ್ಲವೆಂದು ಊಟಕ್ಕೇ ಏಳದೆ ಸಿಟ್ಟಾಗಿ ಕೂತುಬಿಟ್ಟರು. ಗಂಡಿನ ತಾಯಿಯೇ ಬಂದು ಸಮಾಧಾನ ಮಾಡಬೇಕಾಯಿತು. ಹೆಣ್ಣಿನ ಕಡೆಯವರು ಬಹಳ ಬಿಗುಮಾನದವರು ಅಂತ ಅಫಜಲಪುರದಲ್ಲಿ ಇಂದಿಗೂ ಹೆಸರಿದೆ!

ಅಕ್ಕೋರು ಹೊರಡುವಾಗ ಅತ್ತಿಯ ಕಾಲಿಗೆ ಬಿದ್ದು, ಎದ್ದು, ಮೊದಲ ಸಲ ಅವಳನ್ನು "ಅತ್ತಿ" ಅಂದಳು. ಅತ್ತಿ ಅವಳ ಗಲ್ಲ ಸವರಿ, ಟೆಂಪೋಕ್ಕೆ ತಡವಾಗುತ್ತದೆ, ಹತ್ತು ಅಂತ ಗದರಿಸಿದಳು.

ಈಗ ಬೇಕರಿಯ ಮೇಲಿನ ಆ ಮಹಡಿಯಲ್ಲಿ ಮೊಬೈಲ್ ಕವರು ಮಾರುವ ಅಂಗಡಿಯಿದೆ. ನನ್ನ ಮದುವೆಯೂ ಆಗಿದೆ, ಯಾರು ಕೂಡಿಸಿದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಅದಕ್ಕೂ ಮೊದಲಿನ ಒಂದು ದಿನದ ಮಾತು ಉಳಿದಿದೆ.

ಅಕ್ಕೋರ ಮದುವೆಯಾದ ವರ್ಷದ ಶ್ರಾವಣ. ನಾಗರ ಪಂಚಮಿ ಹತ್ತಿರ ಬಂದಿತ್ತು. ಆಳಂದದಿಂದ ಅತ್ತಿಯ ಫೋನು ಬಂತು. ಬಸ್ಸಿನಲ್ಲಿ ಉಂಡಿ ಡಬ್ಬಿ ಕಳಿಸಿದ್ದೇನೆ, ಇಳಿಸಿಕೊಂಡು ಅಫಜಲಪುರಕ್ಕೆ ಹೋಗು ಅಂದಳು. ನಾನೇ ಯಾಕೆ ಅಂತ ಕೇಳಿದೆ. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲಿಕ್ಕೆ ಯಾರು ಹೋಗುತ್ತಾರೋ ಅವರೇ ಹೋಗಬೇಕು ಅಂದು ಫೋನಿಟ್ಟಳು.

ಹೋದೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮನಸ್ಸಿನಲ್ಲಿ ಏನೇನೋ ಬಂತು, ಹೋಯಿತು. ಬಾಗಿಲು ಬಡಿದಾಗ ಹುಡುಗನ ತಾಯಿ ಬಂದರು. ಬಿಸಿಲಿಗೆ ಕೈ ಅಡ್ಡ ಹಿಡಿದು, "ಯಾರಪ್ಪಾ?" ಅಂದರು. ಯಾರು ಅಂತ ಹೇಳಲಿ? ನಿಮ್ಮ ಸೊಸೆಯ ಹತ್ತಿರ ಕಲಿತವನು ಅನ್ನಲೇ? ಜೇವರ್ಗಿ ಮಿಲ್ಲಿನವನು ಅನ್ನಲೇ? ನಾನು ಬಾಯಿ ತೆರೆಯುವುದರೊಳಗೆ ಅವಳು ಅಡುಗೆ ಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಹಿಟ್ಟಿತ್ತು.

"ನಮ್ಮಣ್ಣ ಬಂದಾನ್ರಿ" ಅಂದಳು. "ಪಂಚಮಿಗೆ ಕರಿಯಾಕ."

ತಾಯಿ ಬಾಗಿಲು ಬಿಟ್ಟು ಸರಿದರು. "ಒಳಗ ಬಾರಪ್ಪಾ. ಮುಂಜಾನಿಂದ ಚೀಲ ತುಂಬಿಟ್ಟು ದಾರಿ ನೋಡಾಕತ್ತಾಳ."

ಚೀಲ ಬಾಗಿಲ ಹಿಂದೆಯೇ ಇತ್ತು. ನಾನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಭಾರವಾಯಿತೇನು ಅಂತ ಅವಳು ಕೇಳಿದಳು. ಇಲ್ಲವ್ವ ಅಂದೆ.